ಗುಡ್ಡದ ಪಕ್ಕೆ

ಬಾಯಾರಿನ ಗುಡ್ಡದಲ್ಲಿ ಅಪ್ಪ ಸುರಂಗ ಕೊರೆಯುತ್ತಿದ್ದ.
ಬಗ್ಗಿದ ಒಂದಾಳಿನಷ್ಟೇ ಅಗಲ,
ಮೂವತ್ತೆಂಟು ಕೋಲು ಒಳಗೆ.
ನಾನು ಹನ್ನೊಂದರ ಹುಡುಗಿ, ಮಣ್ಣು ಹೊರುವವಳು.
ಬುಟ್ಟಿ ತುಂಬಿದರೆ ಹಗ್ಗ ಒಮ್ಮೆ ಜಗ್ಗುತ್ತಿದ್ದ.
ಎರಡು ಸಲ ಜಗ್ಗಿದರೆ ಬಾಯಾರಿಕೆ.

ಹಿಂದಿನ ವರ್ಷದ ಪಾಸ್ಖದ ಮೇಣದ ತುಂಡನ್ನು
ಅಮ್ಮ ಅಲ್ತಾರಿನ ಗೂಡಲ್ಲಿ ಜೋಪಾನ ಮಾಡಿದ್ದಳು,
ಸಿಡಿಲಿಗೆ, ಹೆರಿಗೆಗೆ, ಸಾವಿಗೆಂದು.
ಅಪ್ಪ ಕದ್ದೊಯ್ದು ಸುರಂಗದಲ್ಲಿ ಹಚ್ಚಿಟ್ಟ;
ಜ್ವಾಲೆ ಕುಗ್ಗಿದರೆ ಗಾಳಿ ಮುಗಿಯಿತು, ಹೊರಬರಬೇಕು.
"ದೇವರಿಗೂ ಏನಾದರೂ ಕೆಲಸ ಬೇಕಲ್ಲ" ಅಂದ.
ಅಮ್ಮ ಮೂರು ದಿನ ಮಾತಾಡಲಿಲ್ಲ.

ನೀರಿಲ್ಲ. ಒಣ ಮುರಕಲ್ಲು, ಕೆಂಪು ಧೂಳು.
ಜಾಗದ ಧನಿ ಅಂದುಂಞಿ ಹಾಜಿಯವರು ಬಾಯಿಯ ಬಳಿ ಕೂತು
ಕೊಡೆಯ ತುದಿಯಲ್ಲಿ ನೆಲ ಗೀರುತ್ತಾ ಕೇಳಿದರು:
"ಸಾಲ್ದೋರ್, ನೀನು ನೀರು ನೋಡಿದ್ದೀಯಾ?"
"ಇಲ್ಲ ಹಾಜ್ಯಾರೇ."
"ಮತ್ತೆ?"
ಅಪ್ಪ ಮುಂಡಾಸು ಬಿಚ್ಚಿ ಮುಖ ಒರೆಸಿದ. ಅದೇ ಉತ್ತರ.

ಆ ಆದಿತ್ಯವಾರ ಇಗರ್ಜಿಯಲ್ಲಿ ತೋಮಸನ ಕತೆ.
ಹಬ್ಬ ಮುಗಿದು ಎಂಟು ದಿನ,
ಹೊಸ ಲಂಗ ಪೆಟ್ಟಿಗೆ ಸೇರಿತ್ತು, ಬೆಂಚುಗಳು ಅರ್ಧ ಖಾಲಿ.
ಕಾಣದೆ ನಂಬಿದವರು ಧನ್ಯರು ಎಂದು ಓದಿ
ಪಾದ್ರಿಗಳು ಶಂಕೆಯ ಮೇಲೆ ಬಹಳ ಹೊತ್ತು ಸಿಟ್ಟಾದರು.
ಅಪ್ಪ ತೂಕಡಿಸುತ್ತಿದ್ದಾನೆ ಅಂದುಕೊಂಡಿದ್ದೆ.
ದಾರಿಯಲ್ಲಿ ಹೇಳಿದ: "ಪಾಪ, ತೋಮಸ ನಮ್ಮವನೇ.
ಪಕ್ಕೆಯ ತೂತಿಗೆ ಕೈ ಹಾಕಿ ನೋಡುತ್ತೇನೆ ಅಂದ,
ಬೈಯಲು ಅದರಲ್ಲೇನಿದೆ?
ಆ ಪಕ್ಕೆಯಿಂದಲೂ ನೀರು ಬಂದಿತ್ತಲ್ಲ."

ಸೋಮವಾರ ನನ್ನನ್ನೂ ಒಳಗೆ ಕರೆದ.
ಮೊಣಕಾಲೂರಿ, ಅವನ ಉಸಿರಿನ ಸದ್ದು ಹಿಡಿದು ಹೋದೆ.
ಕೊನೆಯಲ್ಲಿ ಮೇಣದಬತ್ತಿ ಊದಿಬಿಟ್ಟ.
ರಾತ್ರಿಯ ಕತ್ತಲೆಯಲ್ಲ ಅದು,
ಕಣ್ಣು ತೆರೆದಿದೆಯೋ ಮುಚ್ಚಿದೆಯೋ ಮುಟ್ಟಿ ನೋಡಬೇಕು.
ನನ್ನ ಅಂಗೈ ಹಿಡಿದು ಗೋಡೆಗೆ ಒತ್ತಿದ.
ನೀರಲ್ಲ. ಒದ್ದೆಯೂ ಅಲ್ಲ.
ಕಲ್ಲು ತಣ್ಣಗಿತ್ತು,
ಜ್ವರ ಬಿಟ್ಟ ಮಗುವಿನ ಹಣೆಯಷ್ಟು.
"ಹ್ಞಾಂ" ಅಂದ, ಅಷ್ಟೇ.
ಅವನು ನಗುತ್ತಿದ್ದುದು ಕಾಣಲಿಲ್ಲ.
ಗೊತ್ತಾಯಿತು.

ನೀರು ಯಾವತ್ತು ಬಂತೋ ಮರೆತಿದ್ದೇನೆ.
ಹಾಜ್ಯಾರ್ ಮೊದಲ ಚೆಂಬನ್ನು ಅಪ್ಪನಿಗೇ ಕೊಟ್ಟರಂತೆ.
ಧುಮುಕುವ ನೀರಲ್ಲ, ಸೂಜಿಗೆ ಪೋಣಿಸುವಂಥ ನೂಲು.
ಬಾವಿಗಳು ತಳ ಕಾಣುವ ಮೇ ತಿಂಗಳಲ್ಲೂ
ಯಾರೂ ನೋಡದ ಕಡೆಯಿಂದ, ಇರುಳೆಲ್ಲ,
ತೊಟ್ಟಿಗೆ ಬೀಳುತ್ತಲೇ ಇದೆ.

ಅಪ್ಪ ಹೋಗಿ ಇಪ್ಪತ್ತಾರು ವರ್ಷ.
ಈ ಸಲ ಪಾಸ್ಖದ ರಾತ್ರಿ ದೀಪವೆಲ್ಲ ಆರಿಸಿದಾಗ
ಎಲ್ಲರೂ ಬಾಗಿಲ ಕಡೆ ತಿರುಗಿ ಹೊಸ ಬೆಂಕಿಗೆ ಕಾದರು.
ನಾನು ಪಕ್ಕದ ಗೋಡೆಗೆ ಅಂಗೈ ಇಟ್ಟು ನಿಂತೆ.
ಸುಣ್ಣದ ಕೆಳಗೆ ಅದೇ ಮುರಕಲ್ಲು.
ಹಾಲೆಲೂಯ ಇನ್ನೂ ಶುರುವಾಗಿರಲಿಲ್ಲ,
ನನಗಾಗಲೇ ನಗು ಬಂದಿತ್ತು.