ಒಂದೇ ಕೊಳವೆ

ಪಾಯ್ಸಂದು ಎಂಬ ನದಿದಂಡೆಯ ಊರಿನಲ್ಲಿ
ಎಂಜಲು ಎನ್ನುವುದಕ್ಕೆ ಪದವಿಲ್ಲ.
ಇರುವುದು ಒಂದು ಸೋರೆಬುರುಡೆ, ಅದರ ತುಂಬ ಕಹಿ ಸೊಪ್ಪಿನ ಪುಡಿ,
ಬಿಸಿನೀರು, ಒಂದೇ ಒಂದು ಬೆಳ್ಳಿಯ ಕೊಳವೆ.
ಮಾತೆ ಅಂತ ಅದರ ಹೆಸರು.
ಮಾತಿನ ಜೊತೆಗೇ ಸುತ್ತು ಹೊಡೆಯುತ್ತದೆ
ಅಪ್ಪನಿಂದ ಮಗಳಿಗೆ, ಮಗಳಿಂದ ನೆಂಟನಿಗೆ,
ಗ್ಯಾಸು ತಂದವನಿಗೆ.
ಕೊಳವೆ ಒರೆಸಿಕೊಂಡು ಹೀರಿದವನನ್ನು
ಇನ್ನೊಮ್ಮೆ ಕರೆಯುವುದಿಲ್ಲ.

ಆ ಚಳಿಗಾಲ ಸುಲ್ಮಾ,
ಹದಿನೇಳರ ಹುಡುಗಿ, ಗೋಲಿನ ಕಾವಲುಗಾರ್ತಿ,
ಚೆಂಡು ಹಾರಿದತ್ತ ತಾನೂ ಹಾರುವವಳು,
ಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು.
ಅದು ಮೂರನೆಯ ಮೆಟ್ಟಿಲು. ಮೇಲೆ ಇನ್ನೂ ಒಂಬತ್ತು.
"ನಾಳೆ ಹತ್ತುತ್ತೇನೆ," ಅಂದಳು.

ಟಾರ್ಚು ಬಿಟ್ಟು ಗಂಟಲು ನೋಡಿದ ಅಪ್ಪ ಎಲ್ಬಿಯೊ:
ಹಾಲಿನ ಕೆನೆಯಂಥ ಬಿಳಿ ಪೊರೆ.
ಕತ್ತಿನ ಇಬ್ಬದಿಗೂ ಗೋಲಿಯಂಥ ಗಂಟು.
ಮಾಂಸದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ
ನಿಂತೇ ದುಡಿದವನು, ಜ್ವರಕ್ಕೆ ರಜೆ ಹಾಕದವನು,
ಡಬ್ಬಿಯಲ್ಲಿ ಉಳಿದಿದ್ದ ಅಮಾಕ್ಸಿಸಿಲಿನ್ ಕೊಟ್ಟ.
ನಾಲ್ಕನೆಯ ದಿನ ಬೆನ್ನಿನಿಂದ ಅಂಗಾಲಿನವರೆಗೆ
ಕೆಂಪು ದದ್ದು, ಯಾರೋ ಇಟ್ಟಿಗೆಪುಡಿ ಎರಚಿದಂತೆ.

ವೈದ್ಯೆ ಇರಸಾಬಲ್ ಎಡಪಕ್ಕೆಲುಬಿನ ಕೆಳಗೆ ಬೆರಳಿಟ್ಟರು.
ಬೆರಳು ಅಲ್ಲೇ ನಿಂತಿತು.
"ಗುಲ್ಮ. ಊದಿದೆ."
ಇಷ್ಟು ದಿನ ಇದೆಯೆಂದೇ ಗೊತ್ತಾಗದೆ ಮೂಲೆಯಲ್ಲಿದ್ದದ್ದು
ಈಗ ಪಕ್ಕೆಲುಬಿನಾಚೆ ತಲೆಹಾಕಿ ಇಣುಕುತ್ತಿದೆ.
ಸುಲ್ಮಾಳ ಗುಲ್ಮ: ಪ್ರಾಸ ಚೆನ್ನಾಗಿದೆ,
ಸುದ್ದಿ ಚೆನ್ನಾಗಿಲ್ಲ.

ರಕ್ತದ ಚೀಟಿಯಲ್ಲಿ ಮಾನೊನ್ಯೂಕ್ಲಿಯೋಸಿಸ್.
ಊರ ಬಾಯಲ್ಲಿ ಮುತ್ತಿನ ಕಾಯಿಲೆ.
ಅಮ್ಮ ಮಿರ್ತಾ ಮಗಳ ಮುಖ ನೋಡಿದಳು,
ಮಗಳು ಗೋಡೆಯ ಕ್ಯಾಲೆಂಡರು ನೋಡಿದಳು,
ಹೊರಗೆ ಅಡೆಮಾರ್ ಎಂಬ ಹುಡುಗ
ಸೈಕಲ್ಲಿನ ಗಂಟೆಯನ್ನು ಸುಮ್ಮಸುಮ್ಮನೆ ಒರೆಸುತ್ತಿದ್ದ.

"ಮದ್ದು?" ಎಂದ ಎಲ್ಬಿಯೊ.
"ಇಲ್ಲ. ಆ ಮಾತ್ರೆ ಇಂದೇ ನಿಲ್ಲಿಸಿ, ಅದಕ್ಕೂ ಈ ವೈರಾಣುವಿಗೂ ಸಂಬಂಧವಿಲ್ಲ.
ನೀರು. ನಿದ್ದೆ. ನೋವಿಗೆ ಪ್ಯಾರಾಸಿಟಮಾಲ್. ಉಪ್ಪುನೀರು ಮುಕ್ಕಳಿಸಲಿ.
ನಾನು ಹೇಳುವ ತನಕ ಮೈದಾನ ಬೇಡ,
ಒಂದು ಮೊಣಕೈ ತಗುಲಿದರೂ ಗುಲ್ಮ ಒಡೆದೀತು.
ಎಡಹೊಟ್ಟೆಗೋ ಎಡಭುಜಕ್ಕೋ ತಟ್ಟನೆ ನೋವು ಬಂದರೆ,
ಉಸಿರು ಕಟ್ಟಿದರೆ,
ಬೆಳಗಾಗಲಿ ಅನ್ನಬೇಡಿ."
"ಎಷ್ಟು ದಿನ?"
"ವಾರಗಳಲ್ಲಿ ಕೇಳಿ."

ಏನೂ ಮಾಡದಿರುವುದು ಎಲ್ಬಿಯೊಗೆ ಗೊತ್ತಿರದ ಕೆಲಸ.
ಮಗಳ ಹಾಸಿಗೆ ಕೆಳಗಿಳಿಸಿದ. ಕಿಟಕಿ ಸರಿ ಮಾಡಿದ, ಅದು ಸರಿಯಾಗಿಯೇ ಇತ್ತು.
ಕಡೆಗೆ ಕುರ್ಚಿ ಎಳೆದು ಕೂತ.
ನಿದ್ದೆಯಲ್ಲಿ ಅವಳ ಕೈ ಒಮ್ಮೊಮ್ಮೆ ಎಡಕ್ಕೆ ಚಿಮ್ಮುತ್ತಿತ್ತು,
ಬಾರದ ಚೆಂಡಿಗೆ.

ಮೂರನೆಯ ಭಾನುವಾರ ತರಬೇತುದಾರ ಬಂದ, ಟೋಪಿ ಕೈಯಲ್ಲಿ.
ಬದಲಿ ಹುಡುಗಿ ನಾಲ್ಕು ಗೋಲು ಬಿಟ್ಟಿದ್ದಾಳೆ,
ಜ್ವರ ಇಳಿಯಿತಂತಲ್ಲ, ಅರ್ಧ ಆಟವಾದರೂ...
ಜ್ವರಕ್ಕೆ ರಜೆ ಹಾಕದವನು ಬಾಗಿಲ ಚೌಕಟ್ಟಿಗೆ ಎರಡೂ ಕೈ ಚಾಚಿ
ಗೋಲಿಯಂತೆ ನಿಂತ.
ಒಂದೂ ಒಳಗೆ ಹೋಗಲಿಲ್ಲ.

ಎರಡನೆಯ ಭೇಟಿಯಲ್ಲಿ ಮಿರ್ತಾ ಕೇಳಿಯೇಬಿಟ್ಟಳು: "ಯಾರಿಂದ ಬಂತು?"
ವೈದ್ಯೆ ನಕ್ಕರು.
"ದೊಡ್ಡವರಲ್ಲಿ ಹತ್ತಕ್ಕೆ ಒಂಬತ್ತು ಜನರ ಮೈಯಲ್ಲಿ ಇದು ಮಲಗಿದೆ.
ಹೋಗುವುದಿಲ್ಲ. ಆಗಾಗ ಎದ್ದು ಜೊಲ್ಲಿಗೆ ಬರುತ್ತದೆ, ಹೊತ್ತವನಿಗೂ ಹೇಳದೆ.
ಆ ಹುಡುಗನಿಂದ ಇರಬಹುದು. ನಿಮ್ಮಿಂದಲೂ."

ಸಂಜೆ ಎಲ್ಬಿಯೊ ಬುರುಡೆ ತುಂಬಿದ.
ಕೊಳವೆಯನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದ.
ಅದರಲ್ಲಿ ಕಂಡದ್ದು ಉದ್ದವಾಗಿ ಸೊಟ್ಟಗಾದ ಅವನದೇ ಮೂಗು.
ಮರುದಿನ ಸಂತೆಯಿಂದ ಇನ್ನೊಂದು ತಂದ, ಸಣ್ಣದು.
"ಇದು ನನಗೆ," ಅಂದ.
ಮಗಳು ಎರಡನ್ನೂ ತೂಗಿ ನೋಡಿ ಹಳೆಯದನ್ನೇ ಇಟ್ಟುಕೊಂಡಳು.

ಆರನೆಯ ವಾರ ಮೆಟ್ಟಿಲು ಹತ್ತಿದಳು.
ಏಳನೆಯದರಲ್ಲಿ ಕೂತಳು.
ಅಪ್ಪ ಆರನೆಯದರಲ್ಲಿ,
ಏನೂ ಮಾಡದೆ.