ಕಟ್ಟೆ

ಬೆಳಗಿನ ಆರಕ್ಕೆ ಏಳನೇ ಬಲೆ ಬಿಚ್ಚುತ್ತೇನೆ.
ಹಳದಿ ಪ್ಲಾಸ್ಟಿಕ್ಕಿನ ಕೊರಳು, ಕೆಳಗೆ ಉದ್ದನೆಯ ಚೀಲ,
ಚೀಲದ ಬಾಯಿಗೆ ರಬ್ಬರ್ ಬ್ಯಾಂಡು.
ಒಳಗೆ ಬೂದುಬಣ್ಣದ ಪತಂಗಗಳು,
ಜೋಳದ ಹೊಟ್ಟಿನಷ್ಟು ಹಗುರ, ಎಲ್ಲವೂ ಗಂಡು.
ಹೆಣ್ಣಿನ ವಾಸನೆ ಬಳಿದ ಗುಂಡಿಯಷ್ಟು ರಬ್ಬರಿಗೆ
ಇರುಳೆಲ್ಲ ಸುತ್ತಿ ಬಿದ್ದಂಥವು.
"ಗಂಡಸರ ಹಣೇಬರಾನೇ ಇಷ್ಟವ್ವಾ" ಅಂತಾಳೆ
ಆರನೇ ಬಲೆಯ ಉರುಕುಂದಮ್ಮ.

ಮಲ್ಲದಿನ್ನಿಯಲ್ಲಿ ಒಂಬತ್ತು ಬಲೆ,
ಹಳ್ಳದಾಚೆ ಗುಂಡ್ಲಪಲ್ಲಿಯಲ್ಲಿ ಹನ್ನೊಂದು.
ಹಳ್ಳದ ನಡುವೆ ರಾಜ್ಯದ ಗಡಿ.
ಬೇಸಿಗೆಯಲ್ಲಿ ನೀರು ಇರುವುದಿಲ್ಲ, ಗಡಿ ಇರುತ್ತದೆ.
ಎಣಿಸಿ ಬರೆದು ಫೋನಿನಲ್ಲಿ ಓದುತ್ತೇನೆ;
ಆಚೆಯ ನೋಟ್‌ಬುಕ್ಕು ಜಮ್ಮುಲಮ್ಮನ ಕೈಯಲ್ಲಿ.

ಮೊದಲು ಹೀಗಿರಲಿಲ್ಲ.
ಹನ್ನೆರಡು ಸಲ ಎಣ್ಣೆ ಹೊಡೆದ ವರ್ಷ
ಹುಳ ಕಾಯಿಯೊಳಗೆ ಚಿಲಕ ಹಾಕಿ ಕೂತಿತ್ತು.
ಸತ್ತದ್ದು ಜೇನು, ಜೇಡ, ಗುಲಗಂಜಿ ಹುಳ.
ಖಾಲಿ ಡ್ರಮ್ಮಿನ ಮೇಲೆ ಕೂತು ಬುಡ್ಡೇಸಾಬ್ ಅಂದಿದ್ದ:
"ನಾ ಹೊಡದ್ರ ಆಚೀಕಡಿಂದ ಬರ್ತಾವ,
ಅವ್ರು ಹೊಡದ್ರ ಈಚೀಕಡಿಂದ ಹೋಗ್ತಾವ,
ನಡುಕ ಅಂಗಡ್ಯಾಂವ ಒಬ್ಬಾಂವ ಚಲೋ ಅದಾನ."

ಆಮೇಲೆ ಹಳ್ಳದ ಉಸುಕಿನಲ್ಲಿ ಕೂತೆವು, ಎರಡೂ ಊರು.
ಎಲ್ಲರೂ ಒಂದೇ ವಾರದಲ್ಲಿ ಬಿತ್ತಬೇಕು,
ಸಂಕ್ರಾಂತಿಯೊಳಗೆ ಗಿಡ ಕೀಳಬೇಕು,
ಮೂರಿರುಳು ಸತತ ಎಂಟು ದಾಟುವ ತನಕ
ಯಾರೂ ಪಂಪು ಹೆಗಲಿಗೇರಿಸಬಾರದು.
ಬಿತ್ತನೆಯ ವಾರಕ್ಕೆ ಒಂದು ಮಧ್ಯಾಹ್ನ ಪೂರ್ತಿ ಜಗಳ.
ನಮಗದು ಮಿರಗ, ಅವರಿಗೆ ಮೃಗಶಿರ ಕಾರ್ತೆ.
ಮಳೆ ಎರಡಕ್ಕೂ ತಡವಾಗಿಯೇ ಬಂತು.

ಈ ವರ್ಷ ಹೊಲದಲ್ಲಿ ಹೂವೇ ಇಲ್ಲ,
ಮೊಗ್ಗಿನ ಸುಳಿವೂ ಇಲ್ಲ,
ಏಳನೇ ಬಲೆಗೆ ಹನ್ನೊಂದು.
ಮರುದಿನ ಹದಿಮೂರು.
ಮೂರನೇ ದಿನ ಹದಿನೇಳು.
ಎಂಟು ಅಂತ ಬರೆದೆ.

ಊರಿಗೆಲ್ಲ ಲೆಕ್ಕ ಕೇಳುವವಳು ನಾನು.
ಇರುಳು ನಿದ್ದೆ ಬರಲಿಲ್ಲ.
ನಸುಕಿಗೆ ಫೋನು ಮಾಡಿ ಹದಿನೇಳು ಅಂದೆ.
ಆಕೆ ಸುಮ್ಮನಿದ್ದಳು. ಎಲ್ಲೋ ಎಮ್ಮೆ ಕೂಗಿತು.
"ಅಕ್ಕಾ, ಮೀ ಕಟ್ಟೆಲ್ಲೋನೇ ಉಂದಿ ಪುರುಗು."

ನಾನು ಮುದಗಲ್ಲಿನ ಕಡೆಯವಳು,
ಈ ಸೀಮೆಯ ತೆಲುಗು ನನಗೆ ಅರ್ಧಂಬರ್ಧ.
ಕದ ತೆರೆದು ಮನೆಮುಂದಿನ ಕಟ್ಟೆ ನೋಡಿದೆ.
ಕಂಬಳಿ ಹೊದ್ದ ಮಾವ ತಿಕ್ಕಯ್ಯ, ಬುಡ್ಡೇಸಾಬ್,
ಹಾಲಿನ ಕ್ಯಾನು ಕಾಯುವ ಇಬ್ಬರು ಹುಡುಗರು.
ಈ ನಾಲ್ವರಲ್ಲಿ ಹುಳ ಯಾರು?

ಉರುಕುಂದಮ್ಮ ಸೆರಗು ಬಾಯಿಗೊತ್ತಿ ನಕ್ಕಳು:
"ಅವ್ರ ಮಾತಿನ್ಯಾಗ ಕಟ್ಟೆ ಅಂದ್ರ ಕಟಿಗಿ ಅವ್ವಾ, ಕಟಿಗಿ!"
ನಕ್ಕು, ನನ್ನ ಹಿತ್ತಲ ಕಡೆ ನೋಡಿ, ನಿಲ್ಲಿಸಿದಳು.

ಹಿತ್ತಲಲ್ಲಿ ಹೋದ ವರ್ಷದ ಹತ್ತಿಕಟಿಗಿಯ ಒಟ್ಟು.
ಆಳೆತ್ತರ. ಮಳೆಗಾಲದ ಒಲೆಗೆಂದು
ನಾನೇ ಕಿತ್ತು, ನಾನೇ ಹೊರೆ ಕಟ್ಟಿ,
ನಾನೇ ತಾಡಪತ್ರಿ ಹೊದಿಸಿದ್ದು.
ಅರೆಬಿರಿದ ಒಣಕಾಯಿ ಒಂದನ್ನು ಉಗುರಿನಿಂದ ಬಿಡಿಸಿದೆ.
ಅಂಟಿಕೊಂಡ ಎರಡು ಬೀಜ.
ನಡುವೆ, ಗುಲಾಬಿಬಣ್ಣದ್ದು,
ಬಾಣಂತಿ ಕೋಣೆಯ ಕೂಸಿನ ಹಾಗೆ ಬೆಚ್ಚಗೆ.

ಮೂರು ದಿನಕ್ಕೆ ಗುಂಡ್ಲಪಲ್ಲಿಯ ಟ್ರ್ಯಾಕ್ಟರು
ಕಟಿಗಿ ಪುಡಿ ಮಾಡುವ ಯಂತ್ರ ಎಳೆದುಕೊಂಡು ಹಳ್ಳ ದಾಟಿತು.
ಮಾವ ಎದ್ದು ಒಳಗೆ ಹೋದರು, ಊಟಕ್ಕೂ ಬರಲಿಲ್ಲ.
ಟ್ರೇಲರಿನಲ್ಲಿ ಎರಡು ಹೊರೆ ಜಾಲಿ ಸೌದೆ, ಜಮ್ಮುಲಮ್ಮ ಕಳಿಸಿದ್ದು.
ನಮ್ಮ ಬಳ್ಳಾರಿ ಜಾಲಿ ಅವರ ಬಾಯಲ್ಲಿ ಸರ್ಕಾರು ತುಮ್ಮ.
ಮುಳ್ಳು ಯಾವ ಭಾಷೆಯಲ್ಲೂ ಚುಚ್ಚಿತು.

ನೋಟ್‌ಬುಕ್ಕಿನಲ್ಲಿ ಎಂಟಕ್ಕೆ ಗೀಟು ಹೊಡೆದಿದ್ದೇನೆ,
ಎಂಟು ಇನ್ನೂ ಕಾಣುತ್ತದೆ.
ಇವತ್ತು ಬಲೆಯಲ್ಲಿ ಐದು.
ಆಚೆ ಎಷ್ಟು ಅಂತ ಕೇಳಬೇಕು,
ಫೋನು ರಿಂಗಾಗುತ್ತಿದೆ.