ಏಳನೇ ನಂಬರ್ ಬಸ್ಸು

ಐವತ್ತೆಂಟು ಚಳಿಗಾಲ ಇದೇ ಕಟ್ಟೆಯ ಮೇಲೆ ನಿಂತಿದ್ದೇನೆ,
ಬೆನ್ನಿಗೆ ಉತ್ತರ ಸಮುದ್ರದ ಗಾಳಿ, ಕೈಯಲ್ಲಿ ಆರಿದ ಮಾಂಸದ ಪೈ.
ಹತ್ತೊಂಬತ್ತು ಮ್ಯಾನೇಜರುಗಳು ಬಂದರು, ಹೋದರು.
ಒಳ್ಳೆಯವನು ಒಬ್ಬನೇ, ಮಾತೇ ಆಡದ ಗಿಲ್‌ಕ್ರೈಸ್ಟ್:
ಸೋತ ದಿನ ಹುಡುಗರ ಬೂಟು ತಾನೇ ತೊಳೆಯುತ್ತಿದ್ದ.
ಈಗಿನವನು ಲ್ಯಾಪ್‌ಟಾಪಿನಲ್ಲಿ ಬಾಣ ಬಿಡುತ್ತಾನೆ.
ಆಟಗಾರರೋ, ಮಾತೆತ್ತಿದರೆ ತವರಿಗೆ ಓಡುವ ಹೊಸ ಸೊಸೆಯ ಹಾಗೆ
ಚೆಂಡನ್ನು ಹಿಂದೆ, ಇನ್ನೂ ಹಿಂದೆ,
ಗೋಲ್‌ಕೀಪರನ ಮಡಿಲಿಗೇ ಕಳಿಸುತ್ತಾರೆ.

ಮುಂದೆ ಹೊಡೆಯೋ! ಎಂದು ಕೂಗುತ್ತೇನೆ.
ಮುಂದೆ ಹೊಡೆದು ಕಳೆದುಕೊಂಡರೆ
ಯಾಕೋ ಹೊಡೆದೆ ಎನ್ನುವವನೂ ನಾನೇ.
ಟಿಕೆಟ್ಟಿನ ಜತೆ ಎರಡನೇ ನಾಲಗೆಯೂ ಸಿಗುತ್ತದೆ.

ತೊಂಬತ್ತೊಂದರಲ್ಲಿ ಕಪ್ಪಿನ ಕ್ವಾರ್ಟರ್‌ಫೈನಲ್,
ಕೊನೆಯ ನಿಮಿಷ, ಪೆನಾಲ್ಟಿ.
ಇಪ್ಪತ್ತರ ಇನ್ನೆಸ್ ಟಲಕ್ ಅದನ್ನು
ಗೋಲಿನಾಚೆ ಮೀನು ಶೆಡ್ಡಿನ ತಗಡಿಗೆ ಬಾರಿಸಿದ.
ಆ ತಗಡಿನ ಸದ್ದು ಇನ್ನೂ ಕಿವಿಯಲ್ಲಿದೆ.
ಅವನ ಹೆತ್ತವಳನ್ನೂ ಎಳೆದು ಬೈದೆ.
ಆಕೆ ಮೂರು ಮೆಟ್ಟಿಲು ಕೆಳಗೇ ನಿಂತಿದ್ದಳು,
ತಿರುಗಿ ನೋಡಿದಳು.
ನಾನು ಸ್ಕಾರ್ಫು ಸರಿಮಾಡಿಕೊಂಡೆ.

ಇನ್ನೆಸ್ ಈಗ ಏಳನೇ ನಂಬರ್ ಬಸ್ಸಿನ ಡ್ರೈವರ್.
ಶನಿವಾರ ಮೈದಾನಕ್ಕೆ ನನಗೆ ಅದೇ ಬಸ್ಸು.
"ಇವತ್ತು ಹೇಗೆ, ಡೂಗಲ್?"
"ಮಿಡ್‌ಫೀಲ್ಡೇ ಇಲ್ಲ ಕಣೋ, ಸೋಲ್ತೀವಿ."
ಅಷ್ಟೇ ಮಾತು, ಹದಿನಾಲ್ಕು ವರ್ಷದಿಂದ.
ಬೇರೆಯದು ಗಂಟಲವರೆಗೆ ಬಂದು
ಚಿಲ್ಲರೆ ಎಣಿಸುತ್ತಾ ನಿಂತುಬಿಡುತ್ತದೆ.

ನನ್ನ ಮಂಡಿ ಹಾಳು, ಕೂರುವುದು ತಡ.
ಅವನು ಕನ್ನಡಿಯಲ್ಲಿ ನೋಡುತ್ತಿರುತ್ತಾನೆ.
ನಾನು ಕೂರುವ ತನಕ
ಬಸ್ಸು ಬಿಡುವುದಿಲ್ಲ.